ಹರ್ ಕೀ ದೂನ್‌ಗೆ ಹೊರಟಿದ್ದೀರಾ? ಮೊದಲು ಆ ಊರಿನ ಗೈಡ್ ಹುಡುಕಿ

ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಸಾಂಕ್ರಿ ಅನ್ನೋ ಪುಟ್ಟ ಊರಿನ ಬೀದಿಯಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. 'ಮಗಾ, ನನ್ನ ಗ್ಲೌಸ್ ಎಲ್ಲೋ?' ಅಂತ ಯಾರೋ ಕೂಗುತ್ತಿರುತ್ತಾರೆ. ಕೇದಾರಕಂಠ, ಹರ್ ಕೀ ದೂನ್ ಎರಡೂ ಚಾರಣಕ್ಕೆ ಇದೇ ಊರಿಂದ ಹೊರಡಬೇಕು. ಹಾಗಾಗಿ ಬೆಂಗಳೂರಿನ ಅರ್ಧ ಆಫೀಸು ಇಲ್ಲೇ ಇದೆಯೇನೋ ಅನಿಸುತ್ತದೆ.

ಹರ್ ಕೀ ದೂನ್ ಅಂದರೆ ಹರನ ಕಣಿವೆ. ಉತ್ತರಕಾಶಿ ಜಿಲ್ಲೆಯಲ್ಲಿ, ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನದ ಒಳಗಿದೆ. ಎತ್ತರ ಸುಮಾರು 3,500 ಮೀಟರ್. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಪಾಂಡವರು ಕೊನೆಗೆ ಹೊರಟಿದ್ದು ಈ ದಾರಿಯಲ್ಲೇ ಅಂತ ಇಲ್ಲಿಯವರು ಹೇಳುತ್ತಾರೆ.

ನಾನು ಇಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪ್ಯಾಕೇಜಿನಲ್ಲಿ, ಇಪ್ಪತ್ತೆಂಟು ಜನರ ಗುಂಪು. ನಮ್ಮನ್ನು ಕರೆದುಕೊಂಡು ಹೋದ ಹುಡುಗ ಒಳ್ಳೆಯವನೇ, ಆದರೆ ಅವನೂ ನಮ್ಮ ಹಾಗೆ ಹೊರಗಿನವನು. ದಾರಿಯಲ್ಲಿ ಒಂದು ಗುಡಿ ಕಂಡು 'ಯಾವ ದೇವರು?' ಅಂತ ಕೇಳಿದ್ದಕ್ಕೆ ಫೋನ್ ತೆಗೆದು ಹುಡುಕಲು ಹೋದ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಎರಡನೇ ಸಲ ನಾವು ನಾಲ್ಕೇ ಜನ. ಗೈಡ್ ಅದೇ ಕಣಿವೆಯ ಊರಿನವರು. ಅದೇ ದಾರಿ, ಅದೇ ಬೆಟ್ಟ. ಆದರೆ ಹೋಗಿದ್ದು ಬೇರೆಯದೇ ಜಾಗಕ್ಕೆ ಅನ್ನಿಸಿತು. ಈ ಲೇಖನ ಆ ಎರಡನೇ ಥರ ಹೋಗಲು ಬೇಕಾದ ಕೆಲಸಗಳ ಬಗ್ಗೆ.

ಹೆಜ್ಜೆ 1: ತಿಂಗಳು ಗೊತ್ತುಮಾಡಿ

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ಭಾಗ ಒಂದು ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಇನ್ನೊಂದು. ಜುಲೈ, ಆಗಸ್ಟ್ ಬೇಡ. ಮಳೆಗೆ ಗುಡ್ಡ ಜಾರುತ್ತದೆ, ರಸ್ತೆ ದಿನಗಟ್ಟಲೆ ಬಂದ್ ಆಗುತ್ತದೆ. ಚಳಿಗಾಲದಲ್ಲಿ ಹಿಮ ನೋಡಬೇಕು ಅನ್ನುವವರು ಕೇದಾರಕಂಠಕ್ಕೆ ಹೋಗುತ್ತಾರೆ. ಅದರ ಎತ್ತರ 3,810 ಮೀಟರ್.

ನನ್ನ ಒಂದೇ ಕೋರಿಕೆ: ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕದ ವಾರ ಬಿಡಿ. ನಮ್ಮ ಕುಮಾರ ಪರ್ವತ ನೆನಪಿದೆ ಅಲ್ವಾ? 2024ರ ಜನವರಿ ಕೊನೆಯ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿ ಹೆಜ್ಜೆ ಇಡಲೂ ಜಾಗ ಇರಲಿಲ್ಲ. ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು ಅದಾದ ಮೇಲೆ. ಕ್ರಿಸ್‌ಮಸ್ ವಾರದಲ್ಲಿ ಕೇದಾರಕಂಠದ ದಾರಿಯೂ ಹಾಗೇ. ಒಂದು ವಾರ ಆಚೆ ಈಚೆ ಮಾಡಿದರೆ ನಿಮಗೆ ನೆಮ್ಮದಿ. ಊರಿನ ಗೈಡುಗಳಿಗೂ ಕೆಲಸ ಒಂದೇ ವಾರಕ್ಕೆ ಮುಗಿಯದೆ ಹಂಚಿಕೆಯಾಗುತ್ತದೆ.

ಹೆಜ್ಜೆ 2: ಗೈಡ್ ಹುಡುಕುವುದು

ಈ ಹೆಜ್ಜೆಗೆ ಬೇಕಾದಷ್ಟು ಸಮಯ ಕೊಡಿ. ಶೂ ಕೊಳ್ಳಲು ಮೂರು ಅಂಗಡಿ ಸುತ್ತುತ್ತೇವೆ. ಗೈಡ್ ಯಾರು ಅಂತ ಮಾತ್ರ ಡೆಹ್ರಾಡೂನಿನಲ್ಲಿ ಗಾಡಿ ಹತ್ತಿದ ಮೇಲೆ ಕೇಳುತ್ತೇವೆ!

ಸಾಂಕ್ರಿ, ಪಕ್ಕದ ಸೌಡ್, ಮೇಲಿನ ಗಂಗಾಡ್, ಓಸ್ಲಾ. ಈ ಊರುಗಳಲ್ಲಿ ಗೈಡ್ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸ್ವಂತ ಏಜೆನ್ಸಿ ನಡೆಸುವವರೂ ಇದ್ದಾರೆ. ಈ ಹಿಂದೆ ಹೋಗಿಬಂದ ಗೆಳೆಯರಿದ್ದರೆ ಅವರಿಂದ ನಂಬರ್ ತೆಗೆದುಕೊಳ್ಳಿ. ಇಲ್ಲವಾದರೆ ಸಾಂಕ್ರಿಯ ಯಾವುದಾದರೂ ಹೋಮ್‌ಸ್ಟೇಗೆ ಫೋನ್ ಮಾಡಿ 'ಊರಿನ ಗೈಡ್ ಬೇಕು' ಅನ್ನಿ. ಹಿಂದಿ ಸಾಕು. ತಪ್ಪು ಹಿಂದಿಯೂ ಸಾಕು, ಅವರ ಮನೆಮಾತೂ ಹಿಂದಿ ಅಲ್ಲ.

ಫೋನಿನಲ್ಲಿ ಇಷ್ಟು ಕೇಳಿ.

ನಿಮ್ಮ ಊರು ಯಾವುದು? ಈ ಪ್ರಶ್ನೆ ಕೇಳಲು ಮುಜುಗರ ಬೇಡ. 'ಲೋಕಲ್ ಗೈಡ್' ಅಂತ ಜಾಹೀರಾತಿನಲ್ಲಿ ಇರುತ್ತದೆ, ಬರುವವರು ಇನ್ನೆಲ್ಲಿಯವರೋ ಆಗಿರುತ್ತಾರೆ.

ತರಬೇತಿ ಏನಾಗಿದೆ? ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. ಎಲ್ಲರೂ ಅದನ್ನು 'ನಿಮ್' ಅಂತಲೇ ಕರೆಯುವುದು. ಅಲ್ಲಿ ಬೇಸಿಕ್ ಕೋರ್ಸ್ ಮಾಡಿದವರು, ರೆಸ್ಕ್ಯೂ ಕಲಿತವರು ಈ ಕಣಿವೆಯಲ್ಲಿ ಸಿಗುತ್ತಾರೆ. ಸರ್ಟಿಫಿಕೇಟ್ ಇಲ್ಲದ, ಚಿಕ್ಕಂದಿನಿಂದ ಕುರಿ ಹೊಡೆದುಕೊಂಡು ಮೇಲೆ ಹೋಗಿಬಂದ ಹಿರಿಯರೂ ಸಿಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹರ್ ಕೀ ದೂನ್‌ನಂಥ ದಾರಿಗೆ ಇಬ್ಬರೂ ಸರಿ. ಆದರೆ ಗುಂಪಿನಲ್ಲಿ ಒಬ್ಬರಿಗಾದರೂ ಪ್ರಥಮ ಚಿಕಿತ್ಸೆ ಗೊತ್ತಿರಲೇಬೇಕು. ಹಿಮದ ಮೇಲೆ ಬೆಟ್ಟಸಾಲು ದಾಟುವ ಪಾಸ್‌ಗಳಿಗೆ ಹೋಗುವುದಾದರೆ ತರಬೇತಿ ಆಗಿರುವವರೇ ಬೇಕು. ಅಲ್ಲಿ ರಾಜಿ ಬೇಡ.

ಆಕ್ಸಿಜನ್ ಸಿಲಿಂಡರ್, ಬೆರಳಿಗೆ ಹಾಕುವ ಆಕ್ಸಿಮೀಟರ್ ತರುತ್ತೀರಾ? ಯಾರಿಗಾದರೂ ಆಗದಿದ್ದರೆ ಕೆಳಗೆ ತರುವ ವ್ಯವಸ್ಥೆ ಏನು? ಒಳ್ಳೆಯ ಗೈಡ್ ಈ ಪ್ರಶ್ನೆಗೆ ತಡವರಿಸುವುದಿಲ್ಲ. ಯಾವ ಜಾಗದಿಂದ ಎಷ್ಟು ಗಂಟೆ, ಎಲ್ಲಿ ಜೀಪ್ ಸಿಗುತ್ತದೆ ಅಂತ ಬೆರಳ ತುದಿಯಲ್ಲಿ ಹೇಳುತ್ತಾರೆ. ದೊಡ್ಡ ಆಸ್ಪತ್ರೆ ಅಂದರೆ ಡೆಹ್ರಾಡೂನ್, ಇಡೀ ದಿನದ ದಾರಿ. ಇದು ತಲೆಯಲ್ಲಿರಲಿ.

ಕೊನೆಗೆ ದುಡ್ಡು. ಒಟ್ಟು ಎಷ್ಟು ಅಂತ ಮಾತ್ರ ಕೇಳಬೇಡಿ, ಬಿಡಿಸಿ ಕೇಳಿ. ಗೈಡ್‌ಗೆ ದಿನಕ್ಕೆಷ್ಟು, ಅಡುಗೆಯವರಿಗೆಷ್ಟು, ಹೊರೆ ಹೊರುವವರಿಗೆಷ್ಟು? ಅವರಿಗೆ ವಿಮೆ ಇದೆಯಾ? ಅವರ ಊಟ, ಟೆಂಟ್, ಮಲಗುವ ಚೀಲ ಯಾರ ಲೆಕ್ಕ? ಅಕ್ಕಿ, ಬೇಳೆ, ರಾಜ್ಮಾ ಎಲ್ಲಿಂದ ಬರುತ್ತದೆ? ಊರಿಗೆ ಎಷ್ಟು ದುಡ್ಡು ಮುಟ್ಟುತ್ತದೆ ಅನ್ನುವುದು ಈ ಉತ್ತರಗಳಲ್ಲಿ ಗೊತ್ತಾಗುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ತರಕಾರಿ ಕೂಡ ಡೆಹ್ರಾಡೂನಿನಿಂದ ಮೂಟೆಯಲ್ಲಿ ಬಂದಿತ್ತು. ಆಲೂಗಡ್ಡೆಯೂ! ಓಸ್ಲಾದ ಹೊಲದ ಆಲೂಗಡ್ಡೆ ಪಕ್ಕದಲ್ಲೇ ನಾವು ಪೇಟೆಯ ಆಲೂಗಡ್ಡೆ ಸುಲಿದೆವು.

ಚೌಕಾಸಿ ಮಾಡಬಾರದಾ? ಮಾಡಿ. ಆದರೆ ಗೈಡಿನ ಕೂಲಿಯಲ್ಲಿ ಬೇಡ. ದಿನ ಕಡಿಮೆ ಮಾಡಿ, ಊಟದ ಬಗೆ ಕಡಿಮೆ ಮಾಡಿ, ಟೆಂಟ್ ಬಿಟ್ಟು ಊರ ಮನೆಯಲ್ಲಿ ಮಲಗಿ. ಖರ್ಚು ತಾನಾಗಿ ಇಳಿಯುತ್ತದೆ.

ಗುಂಪು ಎಂಟು ಹತ್ತು ಜನ ಮೀರದಿರಲಿ. ಇದು ಯಾವ ಕಾನೂನೂ ಅಲ್ಲ, ನನ್ನ ಲೆಕ್ಕ. ಹತ್ತು ಜನ ಒಂದು ಮನೆಯ ಜಗಲಿಯಲ್ಲಿ ಕೂತು ಚಾ ಕುಡಿಯಬಹುದು. ಇಪ್ಪತ್ತೆಂಟು ಜನ ಕೂತರೆ ಅದು ಜಾತ್ರೆ.

ಹೆಜ್ಜೆ 3: ಮೈ ಹದ ಮಾಡಿಕೊಳ್ಳಿ

ಎರಡು ತಿಂಗಳು ಮೊದಲೇ ಶುರು ಮಾಡಿ. ವಾರಕ್ಕೆ ನಾಲ್ಕು ದಿನ ನಡಿಗೆ ಅಥವಾ ಓಟ, ಎರಡು ದಿನ ಮೆಟ್ಟಿಲು. ಶನಿವಾರ ಸಾವನದುರ್ಗ, ಸ್ಕಂದಗಿರಿ ಯಾವುದಾದರೂ ಹತ್ತಿ, ಬೆನ್ನಿಗೆ ಆರೇಳು ಕಿಲೋ ಹಾಕಿಕೊಂಡು. ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ ಇದ್ದರೆ ವೈದ್ಯರಿಗೆ ಹೇಳದೆ ಹೊರಡಬೇಡಿ. ಎತ್ತರದ ಕಾಯಿಲೆ ಬಾರದಿರಲಿ ಅಂತ ನುಂಗುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿ ಆಗದವರಿಗೆ ಅದು ತೊಂದರೆ ಕೊಡಬಹುದು.

ಹೆಜ್ಜೆ 4: ಬ್ಯಾಗ್ ತುಂಬುವಾಗಲೇ ಕಸ ಕಡಿಮೆ ಮಾಡಿ

ಬೆಟ್ಟದ ಮೇಲೆ ಕಸ ಹೆಕ್ಕುವುದಕ್ಕಿಂತ ಕಸ ತಾರದೆ ಇರುವುದು ಸುಲಭ. ಚಿಕ್ಕಿ, ಒಣದ್ರಾಕ್ಷಿ, ಹುರಿಗಡಲೆ, ಕೊಬ್ಬರಿ ಮಿಠಾಯಿ ಎಲ್ಲವನ್ನೂ ಮನೆಯಲ್ಲೇ ಪ್ಯಾಕೆಟ್ ಒಡೆದು ಡಬ್ಬಿಗೆ ಹಾಕಿಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ಎರಡು. ಒದ್ದೆ ಟಿಶ್ಯೂ ತರಲೇಬೇಡಿ. ನೋಡಲು ಕಾಗದ, ಒಳಗೆ ಪ್ಲಾಸ್ಟಿಕ್ ಎಳೆ. ಅದು ಕರಗುವುದಿಲ್ಲ. ಗಟ್ಟಿ ಬಟ್ಟೆಯ ಒಂದು ಚೀಲ ಕಸಕ್ಕೆ ಅಂತಲೇ ಇರಲಿ. ಹೆಣ್ಣುಮಕ್ಕಳು ಮುಟ್ಟಿನ ಕಪ್ ಬಳಸುವವರಾದರೆ ಒಳ್ಳೆಯದು. ಪ್ಯಾಡ್ ಆದರೆ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಹಾಕಿ ವಾಪಸ್ ತರಬೇಕು. ಹೂಳುವುದು, ಸುಡುವುದು ಎರಡೂ ಬೇಡ.

ಬಟ್ಟೆ ಪದರ ಪದರವಾಗಿ ಹಾಕುವ ಹಾಗಿರಲಿ. ಹತ್ತಿಯ ಬನಿಯನ್ ಬೆವರು ಹಿಡಿದು ಒದ್ದೆಯಾಗಿಯೇ ಉಳಿಯುತ್ತದೆ, ಚಳಿಗೆ ಅದೇ ಶತ್ರು. ಗಂಡಾಗಲಿ ಹೆಣ್ಣಾಗಲಿ ಊರೊಳಗೆ ಓಡಾಡುವಾಗ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ. ನಗದು ದಾರಿಯಲ್ಲಿ ಸಿಗುವ ಪುರೋಲಾ ಪೇಟೆ ದಾಟುವ ಮೊದಲೇ ಕೈಯಲ್ಲಿರಲಿ, ಅದೂ ಚಿಲ್ಲರೆ ನೋಟುಗಳಲ್ಲಿ. ಸಾಂಕ್ರಿಯಿಂದ ಮೇಲೆ ಫೋನ್ ಪೇ ನಂಬಿಕೊಂಡು ಹೋದರೆ ಚಾ ಕೊಟ್ಟ ಅಜ್ಜಿ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಹೆಜ್ಜೆ 5: ಡೆಹ್ರಾಡೂನಿನಿಂದ ಸಾಂಕ್ರಿಗೆ

ಸುಮಾರು 200 ಕಿಲೋಮೀಟರ್. ಮಸ್ಸೂರಿ, ನೌಗಾಂವ್, ಪುರೋಲಾ, ಮೋರಿ, ನೈಟ್ವಾಡ್ ದಾಟಿ ಹೋಗಬೇಕು. ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಹೊರಡಿ. ಕತ್ತಲಾದ ಮೇಲೆ ಆ ರಸ್ತೆ ಬೇಡ. ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ, ತಿರುವುಗಳಲ್ಲಿ ಚಾರ್ಮಾಡಿ ಘಾಟಿಯ ಹತ್ತರಷ್ಟು ಇದೆ.

ನೈಟ್ವಾಡ್‌ನಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಪರ್ಮಿಟ್ ಇಲ್ಲೇ ನೋಡುವುದು. ಗುರುತಿನ ಚೀಟಿಯ ಎರಡು ಜೆರಾಕ್ಸ್ ಕೈಯಲ್ಲಿರಲಿ, ರಸೀತಿ ಕೇಳಿ ಪಡೆಯಿರಿ. ಆ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಮೇಲೆ ಏನಾದರೂ ಆದಾಗ ನೀವು ಅಲ್ಲಿದ್ದೀರಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಈ ಊರಿನಲ್ಲಿ ರೂಪಿನ್, ಸುಪಿನ್ ಅನ್ನೋ ಎರಡು ಹೊಳೆ ಸೇರಿ ಟೌನ್ಸ್ ನದಿ ಆಗುತ್ತದೆ. ಟೌನ್ಸ್ ಮುಂದೆ ಯಮುನೆ ಸೇರುತ್ತದೆ. ನಾವು ನಡೆಯುವುದೆಲ್ಲ ಸುಪಿನ್ ದಂಡೆಯಲ್ಲಿ. ಅಲ್ಲಿ ಬಿಟ್ಟ ಸೋಪಿನ ನೊರೆ, ಬಿಸ್ಕತ್ತಿನ ಕವರ್ ಎಲ್ಲ ಸೇರುವುದು ಇನ್ನೊಬ್ಬರು ಕುಡಿಯುವ ನೀರಿಗೆ.

ಪೋಖು ದೇವರ ಗುಡಿಯೂ ನೈಟ್ವಾಡ್‌ನಲ್ಲೇ ಇದೆ. ಇದು ನ್ಯಾಯದ ದೇವರು. ನಮ್ಮಲ್ಲಿ ಧರ್ಮಸ್ಥಳಕ್ಕೆ ಹೋಗಿ ದೂರು ಇಟ್ಟ ಹಾಗೆ ಇಲ್ಲಿಯವರು ಅನ್ಯಾಯವಾದರೆ ಪೋಖು ಹತ್ತಿರ ಬರುತ್ತಾರೆ. ದೇವರಿಗೆ ಮುಖ ತೋರಿಸುವುದಿಲ್ಲ, ಬೆನ್ನು ತಿರುಗಿಸಿ ನಿಂತು ಕೈ ಮುಗಿಯುತ್ತಾರೆ. ಮೊದಲ ಸಲ ನಮ್ಮ ಗಾಡಿ ಇಲ್ಲಿ ಡೀಸೆಲ್‌ಗೂ ನಿಲ್ಲಲಿಲ್ಲ. ಎರಡನೇ ಸಲ ಗೈಡ್ ಇಳಿಸಿ ಕರೆದುಕೊಂಡು ಹೋದರು, ಹೇಗೆ ನಿಲ್ಲಬೇಕು ಅಂತ ಮೊದಲೇ ಹೇಳಿಕೊಟ್ಟರು. ಇಲ್ಲವಾದರೆ ನಾನು ಎದುರಿಗೆ ನಿಂತು ಫೋಟೊ ತೆಗೆಯುತ್ತಿದ್ದೆ, ಖಂಡಿತ.

ಹೆಜ್ಜೆ 6: ನಿಧಾನವಾಗಿ ಹತ್ತಿ

ಸಾಂಕ್ರಿ 1,950 ಮೀಟರ್ ಆಸುಪಾಸು. ಅಲ್ಲಿಂದ ತಾಲುಕಾಕ್ಕೆ ಹನ್ನೆರಡು ಕಿಲೋಮೀಟರ್ ಜೀಪು. ತಾಲುಕಾದಿಂದ ಓಸ್ಲಾ ಹದಿಮೂರು ಹದಿನಾಲ್ಕು ಕಿಲೋಮೀಟರ್ ನಡಿಗೆ, ಓಸ್ಲಾದಿಂದ ಹರ್ ಕೀ ದೂನ್ ಇನ್ನೂ ಹತ್ತು ಹನ್ನೆರಡು. ರಸ್ತೆ ವರ್ಷ ವರ್ಷ ಮುಂದೆ ಹೋಗುತ್ತಿದೆ. ಹಾಗಾಗಿ ನಡಿಗೆ ಎಲ್ಲಿಂದ ಅನ್ನುವುದನ್ನು ಗೈಡ್ ಹತ್ತಿರ ಕೇಳಿ. ಜೀಪು ಹೋಗುತ್ತದೆ ಅಂತ ಮೇಲಿನ ತನಕ ಗಾಡಿಯಲ್ಲೇ ಹೋಗುವುದು ಮೈಗೂ ಒಳ್ಳೆಯದಲ್ಲ.

ಕಾರಣ ಇಷ್ಟೇ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು. ಹಗಲು ಎಷ್ಟು ಮೇಲೆ ಹೋಗಿ ಬಂದರೂ ತೊಂದರೆ ಕಡಿಮೆ, ಮಲಗುವ ಎತ್ತರ ಮುಖ್ಯ. ಓಸ್ಲಾದಿಂದ ಹರ್ ಕೀ ದೂನ್‌ಗೆ 900 ಮೀಟರ್ ಏರು. ಒಂದೇ ದಿನ ಹೋಗಿ ಅಲ್ಲೇ ಮಲಗುವ ಯೋಜನೆ ಯಾರಾದರೂ ಹಾಕಿದ್ದರೆ ಬದಲಾಯಿಸಿ. ನಡುವೆ ಕಲ್ಕತ್ತಿಧಾರ್ ಕಡೆ ಒಂದು ರಾತ್ರಿ ಉಳಿದು, ಬೆಳಿಗ್ಗೆ ಬೇಗ ಎದ್ದು ಮೇಲೆ ಹೋಗಿ, ಮಧ್ಯಾಹ್ನ ಮೋಡ ಕಟ್ಟುವ ಮೊದಲು ಇಳಿಯಿರಿ.

ಮೇಲೆ ಟೆಂಟ್ ಹಾಕದಿರಲು ಇನ್ನೊಂದು ಕಾರಣವೂ ಇದೆ. ಮರಗಳ ಗೆರೆ ಮುಗಿದ ಮೇಲೆ ಸಿಗುವ ಹುಲ್ಲುಗಾವಲಿಗೆ ಇಲ್ಲಿ ಬುಗ್ಯಾಲ್ ಅನ್ನುತ್ತಾರೆ. ವರ್ಷದಲ್ಲಿ ತಿಂಗಳುಗಟ್ಟಲೆ ಹಿಮದ ಕೆಳಗೆ ಇರುವ ಹುಲ್ಲು ಅದು. ಬೆಳೆಯಲು ಅದಕ್ಕೆ ಸಿಗುವುದು ಕೆಲವೇ ತಿಂಗಳು. ಟೆಂಟ್ ಕೆಳಗೆ ಸತ್ತ ಜಾಗ ಮತ್ತೆ ಹಸಿರಾಗಲು ವರ್ಷಗಳೇ ಬೇಕು. 2018ರ ಆಗಸ್ಟಿನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲುಗಳಲ್ಲಿ ರಾತ್ರಿ ಉಳಿಯುವುದನ್ನೇ ನಿಷೇಧಿಸಿತು, ಹೋಗುವವರ ಸಂಖ್ಯೆಗೂ 200ರ ಮಿತಿ ಹಾಕಿತು. 'ಅಲ್ಲೇ ಟೆಂಟ್ ಹಾಕಿಸ್ತೀವಿ ಸಾರ್, ನಕ್ಷತ್ರ ನೋಡಬಹುದು' ಅಂತ ಯಾರಾದರೂ ಆಸೆ ತೋರಿಸಿದರೆ ಅವರನ್ನು ಬಿಡಿ. ನಕ್ಷತ್ರ ಓಸ್ಲಾದಿಂದಲೂ ಕಾಣುತ್ತದೆ.

ನಡೆಯುವಾಗ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಕುಡಿಯಿರಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾದರೆ ಗೈಡ್‌ಗೆ ತಕ್ಷಣ ಹೇಳಿ. ನಾಚಿಕೆ ಬೇಡ, ಗಟ್ಟಿಮುಟ್ಟಾದ ಹುಡುಗರಿಗೂ ಇದು ಬರುತ್ತದೆ. ಕುಡಿದವರ ಹಾಗೆ ತೂರಾಡುವುದು, ಸುಮ್ನೆ ಕೂತಿದ್ದರೂ ಏದುಸಿರು, ಕೆಮ್ಮಿದರೆ ನೊರೆ ಬಂದರೆ ಒಂದು ನಿಮಿಷವೂ ಕಾಯುವಂತಿಲ್ಲ. ರಾತ್ರಿಯಾದರೂ ಕೆಳಗೆ ಇಳಿಸಬೇಕು. ಎತ್ತರದ ಕಾಯಿಲೆಗೆ ದೊಡ್ಡ ಔಷಧಿ ಅಂದರೆ ಇಳಿಯುವುದೇ.

ಹೆಜ್ಜೆ 7: ಊರೊಳಗೆ ನೆಂಟರ ಹಾಗೆ ಇರಿ

ಓಸ್ಲಾ, ಗಂಗಾಡ್ ಎರಡೂ ದೇವದಾರು ಮರದ ಊರುಗಳು. ಮನೆ ಮರದ್ದು, ಕೆತ್ತನೆ ಮರದ್ದು, ಧಾನ್ಯ ತುಂಬುವ ಕೋಠಾರ್ ಕೂಡ ಮರದ್ದು. ಕೆಳಗೆ ದನಕರು, ಮೇಲೆ ಜನ. ಹಳೆಯ ಮಲೆನಾಡಿನ ಮನೆ ನೋಡಿದವರಿಗೆ ಆ ವಾಸನೆ ಗುರುತು ಸಿಗುತ್ತದೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಪಕ್ಕದಲ್ಲೇ ಹುಲ್ಲಿನ ಬಣವೆ. 2018ರ ಫೆಬ್ರವರಿಯಲ್ಲಿ ಇದೇ ಸೀಮೆಯ ಸಾವಣಿ ಅನ್ನೋ ಊರಿನಲ್ಲಿ ಬೆಂಕಿ ಬಿದ್ದು ಹತ್ತಾರು ಮನೆ ಸುಟ್ಟುಹೋದವು. ಅದಕ್ಕೇ ಹೇಳುತ್ತಿದ್ದೇನೆ: ಊರೊಳಗೆ ಸಿಗರೇಟ್ ಹಚ್ಚಬೇಡಿ. ಕ್ಯಾಂಪ್‌ಫೈರ್ ಕೇಳಲೇಬೇಡಿ. ಕಾಡಿನ ಒಳಗೂ ಬೇಡ. ಚಳಿಯಾದರೆ ಅಡುಗೆಮನೆಯ ಒಲೆ ಪಕ್ಕ ಕೂರಿ. ಅಲ್ಲಿ ಕರೆದು ಕೂರಿಸುವವರೇ ಇದ್ದಾರೆ.

ಓಸ್ಲಾದ ಗುಡಿ ಬಗ್ಗೆ ಒಂದು ಮಾತು. ಅದು ದುರ್ಯೋಧನನ ಗುಡಿ ಅಂತ ಎಷ್ಟೋ ಕಡೆ ಓದಿರುತ್ತೀರಿ. ಊರಿನವರನ್ನು ಕೇಳಿದರೆ ನಮ್ಮ ದೇವರು ಸೋಮೇಶ್ವರ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮೊದಲ ಗುಂಪಿನ ಒಬ್ಬ 'ಅಂದರೆ ನೀವು ಕೌರವರ ಕಡೆಯವರಾ?' ಅಂತ ನಗುತ್ತಾ ಕೇಳಿದ. ಜಗಲಿಯಲ್ಲಿ ಕೂತಿದ್ದ ಮುದುಕರು ಎದ್ದು ಒಳಗೆ ಹೋದರು. ನಮ್ಮ ಮನೆದೇವರ ಬಗ್ಗೆ ಯಾರಾದರೂ ಹಾಗೆ ಕೇಳಿದರೆ ನಾವೇನು ಮಾಡುತ್ತಿದ್ದೆವು?

ಸೋಮೇಶ್ವರ ಒಂದೇ ಕಡೆ ಕೂರುವ ದೇವರಲ್ಲ. ನಮ್ಮ ಕಡೆ ಅಡ್ಡಪಲ್ಲಕ್ಕಿ ಬಂದ ಹಾಗೆ ಡೋಲಿಯಲ್ಲಿ ಊರಿಂದ ಊರಿಗೆ ಹೋಗುತ್ತಾನೆ. ನೀವು ಹೋದ ದಿನ ಡೋಲಿ ಎದುರಾದರೆ ನಿಮ್ಮ ಪುಣ್ಯ. ದಾರಿ ಬಿಟ್ಟು ಬದಿಗೆ ನಿಲ್ಲಿ, ಟೋಪಿ ತೆಗೆಯಬೇಕಾ ಶೂ ಬಿಚ್ಚಬೇಕಾ ಅಂತ ಗೈಡ್ ಮುಖ ನೋಡಿ. ಡ್ರೋನ್ ಹಾರಿಸಬೇಡಿ. ರಾಷ್ಟ್ರೀಯ ಉದ್ಯಾನದಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು, ಅದು ಇದ್ದರೂ ದೇವರ ತಲೆ ಮೇಲೆ ಹಾರಿಸುವ ವಸ್ತು ಅಲ್ಲ.

ಗುಡಿ ಹತ್ತಿರ ಹೋಗುವಾಗ ಚರ್ಮದ ಬೆಲ್ಟು, ಪರ್ಸು ಬಿಚ್ಚಿಡಿ. ಎಲ್ಲಿ ತನಕ ಹೋಗಬಹುದು ಅಂತ ಗೈಡ್ ಹೇಳುತ್ತಾರೆ, ಅಷ್ಟೇ ದೂರ. ಯಾರು ಒಳಗೆ ಹೋಗಬಹುದು, ಯಾರು ಹೋಗಬಾರದು ಅನ್ನುವ ಕೆಲವು ಕಟ್ಟಳೆ ನಿಮಗೆ ಸರಿ ಅನಿಸದೇ ಇರಬಹುದು. ನನಗೂ ಅನಿಸಲಿಲ್ಲ. ಅದನ್ನು ಗುಡಿ ಕಟ್ಟೆ ಮೇಲೆ ನಿಂತು ವಾದ ಮಾಡಲಿಲ್ಲ, ರಾತ್ರಿ ಒಲೆ ಮುಂದೆ ಗೈಡ್ ಹತ್ತಿರ ಕೇಳಿದೆ. ಅವರಿಗೂ ಆ ಬಗ್ಗೆ ಹೇಳಲು ಬಹಳ ಇತ್ತು.

ಫೋಟೊ ತೆಗೆಯುವ ಮೊದಲು ಕೇಳಿ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರು, ಬೆನ್ನಿನ ಮೇಲೆ ಹುಲ್ಲಿನ ಹೊರೆ ಹೊತ್ತವರು ನಿಮ್ಮ ಕ್ಯಾಮೆರಾಗೆ ಅಂತ ಬಂದವರಲ್ಲ. ಮಕ್ಕಳು 'ಟಾಫಿ, ಟಾಫಿ' ಅಂತ ಓಡಿಬರುತ್ತಾರೆ. ಕೊಡಬೇಡಿ. ಅದನ್ನು ಕಲಿಸಿದ್ದೇ ನಮ್ಮಂಥವರು. ಹಲ್ಲು ಹಾಳು, ದಾರಿ ತುಂಬ ಕವರು. ಕೊಡಲೇಬೇಕು ಅನಿಸಿದರೆ ನೋಟ್‌ಬುಕ್, ಪೆನ್ಸಿಲ್ ತಂದು ಶಾಲೆಯ ಮೇಷ್ಟ್ರ ಕೈಗೆ ಕೊಡಿ.

ಮಾತಾಡಿಸುವಾಗ ನಿಮಗಿಂತ ದೊಡ್ಡವರಿಗೆ 'ಭೈಜಿ', ಅಂದರೆ ಅಣ್ಣ. ಚಿಕ್ಕವರಿಗೆ 'ಭುಲಾ', ತಮ್ಮ. ಹೆಂಗಸರಿಗೆ 'ದೀದಿ'. ಈ ಮೂರು ಪದ ಸಾಕು. 'ಏಯ್ ಗೈಡ್' ಅಂತ ಕರೆಯುವವರನ್ನು ನೋಡಿದ್ದೇನೆ, ನಮ್ಮವರನ್ನೇ.

ಊಟ! ಇಲ್ಲಿ ಕನ್ನಡಿಗರಿಗೆ ಒಂದು ಖುಷಿ ಕಾದಿದೆ. ಇವರ 'ಮಂಡುವಾ' ಅಂದರೆ ನಮ್ಮ ರಾಗಿ. ಮೊದಲ ಸಲ ನಮಗೆ ಮೂರು ದಿನವೂ ಮ್ಯಾಗಿ, ಪಾಸ್ತಾ. ಎರಡನೇ ಸಲ ಗೈಡಿನ ಮನೆಯಲ್ಲಿ ಬಿಸಿ ಮಂಡುವಾ ರೊಟ್ಟಿ, ತುಪ್ಪ, ರಾಜ್ಮಾ. ನನ್ನ ಜೊತೆಗಿದ್ದ ಮಂಡ್ಯದ ಗೆಳೆಯ ಒಂದು ತುತ್ತು ತಿಂದು ಸುಮ್ಮನೆ ಕೂತುಬಿಟ್ಟ. ಆಮೇಲೆ ಆ ಮನೆಯ ದೀದಿಗೆ ಮುದ್ದೆ ಕಟ್ಟುವುದು ಹೇಗೆ ಅಂತ ಕೈಯಲ್ಲೇ ತೋರಿಸಿದ. ಅಗಿಯದೆ ನುಂಗುತ್ತೀರಾ ಅಂತ ಅವರು ನಕ್ಕಿದ್ದೇ ನಕ್ಕಿದ್ದು. ನಮ್ಮ ಊದಲು ಇಲ್ಲಿ 'ಝಂಗೋರಾ', ಅದರ ಪಾಯಸ ಮಾಡುತ್ತಾರೆ. ಪುರೋಲಾ ಕಡೆಯ ಕೆಂಪಕ್ಕಿ ಕೇಳಿ. ದಾರಿಯಲ್ಲಿ ಹೊಳೆ ನೀರಿನಿಂದ ತಿರುಗುವ ಬೀಸುವ ಕಲ್ಲು ಸಿಗುತ್ತದೆ, 'ಘರಾಟ್' ಅನ್ನುತ್ತಾರೆ. ಹಿಟ್ಟು ಅಲ್ಲೇ ಬೀಸಿದ್ದು. ಬೆಂಗಳೂರಿನಿಂದ ಮೂರು ದಿನ ಮೊದಲೇ ಫೋನ್ ಮಾಡಿ 'ನಮಗೆ ನಿಮ್ಮ ಮನೆ ಊಟವೇ ಬೇಕು' ಅಂತ ಹೇಳಿ. ಹೇಳದಿದ್ದರೆ ಪೇಟೆಯವರಿಗೆ ಅದು ಇಷ್ಟವಾಗಲ್ಲ ಅಂತ ಅವರೇ ಸಂಕೋಚದಿಂದ ಮ್ಯಾಗಿ ಬೇಯಿಸುತ್ತಾರೆ. ಗಿರಿಗದ್ದೆಯ ಭಟ್ರ ಮನೆಯಲ್ಲಿ ಅನ್ನ ಸಾಂಬಾರ್ ಉಂಡು ಕುಮಾರ ಪರ್ವತ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕುಡಿತ ಬೇಡ. ಎತ್ತರದಲ್ಲಿ ಅಪಾಯ ಅನ್ನುವುದು ಒಂದು. ನೀವು ಬಿಟ್ಟುಬಂದ ಬಾಟಲಿ ಅಲ್ಲೇ ಇರುತ್ತದೆ, ಅದು ಇನ್ನೊಂದು. ಸ್ಪೀಕರ್ ಹಾಕಿ ಹಾಡು ಕೇಳುವವರು ದಯವಿಟ್ಟು ಕಬ್ಬನ್ ಪಾರ್ಕಿಗೆ ಹೋಗಿ. ಬೇಡ, ಅಲ್ಲೂ ಬೇಡ.

ಹೆಜ್ಜೆ 8: ಕಕ್ಕಸಿನ ವಿಷಯ

ಯಾರೂ ಬರೆಯಲ್ಲ, ಎಲ್ಲರಿಗೂ ಬೇಕು. ಊರಿನಲ್ಲಿ ಶೌಚಾಲಯ ಇದ್ದರೆ ಅದನ್ನೇ ಬಳಸಿ. ಇಲ್ಲದ ಕಡೆ ಹೊಳೆ, ಝರಿ, ದಾರಿಯಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಪುಟ್ಟ ಕರಣಿ ಒಂದು ಗುಂಪಿಗೆ ಸಾಕು. ಚಳಿ ಜಾಗದಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ, ಹಾಗಾಗಿ ಟಿಶ್ಯೂ ಬೇಡ, ನೀರೇ ಒಳ್ಳೆಯದು. ನಮಗದು ಹೊಸದಲ್ಲವಲ್ಲ. ಪಾತ್ರೆ, ಮುಖ ತೊಳೆಯಲು ನೀರನ್ನು ಹೊಳೆಯಿಂದ ಆಚೆ ಎತ್ತಿಕೊಂಡು ಹೋಗಿ.

ಹೆಜ್ಜೆ 9: ಹೊರೆ ಹೊರುವವರು

ಬ್ಯಾಗ್ ಹೊರಲಾಗದಿದ್ದರೆ ಕೊಟ್ಟುಬಿಡಿ, ತಪ್ಪಲ್ಲ. ಇನ್ನೊಬ್ಬರಿಗೆ ಕೂಲಿ ಸಿಗುತ್ತದೆ. ಆದರೆ ಎಷ್ಟು ಕಿಲೋ ಅಂತ ತೂಗಿ. ಬೆಳಿಗ್ಗೆ ಹೊರಡುವಾಗ ಅವರ ಕಾಲು ನೋಡಿ. ಹಿಮದಲ್ಲಿ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದರೆ ಗೈಡ್ ಹತ್ತಿರ ಮಾತಾಡಿ, ಶೂ ಬಾಡಿಗೆಗೆ ಸಿಗುತ್ತದೆ, ದುಡ್ಡು ನೀವೇ ಕೊಡಿ. ರಾತ್ರಿ ಅವರು ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ ಅಂತ ಒಂದು ಸಲ ಹೋಗಿ ನೋಡಿ.

ಹೇಸರಗತ್ತೆ ಎದುರಾದರೆ ಯಾವಾಗಲೂ ಗುಡ್ಡದ ಕಡೆಗೆ ಒರಗಿ ನಿಲ್ಲಿ, ಕಣಿವೆಯ ಕಡೆ ಅಲ್ಲ. ಅದರ ಹೊರೆ ತಾಗಿದರೆ ನೀವು ಸುಪಿನ್ ಹೊಳೆಯಲ್ಲಿ ಇರುತ್ತೀರಿ. ಬೆನ್ನಿನಲ್ಲಿ ಹುಣ್ಣಾದ ಪ್ರಾಣಿಯ ಮೇಲೆ ನಿಮ್ಮ ಬ್ಯಾಗ್ ಹೇರಲು ಬಿಡಬೇಡಿ.

ಹೆಜ್ಜೆ 10: ಗೈಡ್ 'ಬೇಡ' ಅಂದರೆ ಬೇಡ

2024ರ ಜೂನ್ ನೆನಪಿದೆಯಲ್ಲ. ಉತ್ತರಾಖಂಡದ ಸಹಸ್ರ ತಾಲ್ ಕೊಳಗಳಿಗೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್ ತಂದು ಕಾಪಾಡಬೇಕಾಯಿತು. ಆ ದಿನ ಅಲ್ಲಿ ಇಲ್ಲದ ನಾನು ಯಾರು ಏನು ಮಾಡಬೇಕಿತ್ತು ಅಂತ ಹೇಳಲು ಹೊರಟಿಲ್ಲ. ಹೋದವರಲ್ಲಿ ಅನುಭವ ಇದ್ದವರೂ ಇದ್ದರು. ಅವರ ಮನೆಯ ಬೀದಿಗಳು ನಮ್ಮ ಬೀದಿಗಳೇ, ಅದಕ್ಕೇ ಆ ಸುದ್ದಿ ಇನ್ನೂ ಎದೆಯಲ್ಲಿ ಕೂತಿದೆ.

ನಾನು ಕಲಿತದ್ದನ್ನು ಹೇಳುತ್ತೇನೆ. ಎರಡನೇ ಪ್ರವಾಸದಲ್ಲಿ ಹರ್ ಕೀ ದೂನ್ ತಲುಪಿದ ಮೇಲೆ ಅಲ್ಲಿಂದ ಎರಡು ಮೂರು ಕಿಲೋಮೀಟರ್ ಮೇಲಿರುವ ಮರಿಂಡಾ ತಾಲ್ ಕೊಳ ನೋಡಬೇಕು ಅಂತ ನಮಗೆ ಆಸೆ. ಬೆಳಗಿನ ಹತ್ತು ಗಂಟೆ, ನೀಲಿ ಆಕಾಶ. ನಮ್ಮ ಗೈಡ್ ಭೈಜಿ ಅಲ್ಲಿನ ಜೌಂಧಾರ್ ಹಿಮನದಿಯ ಕಡೆ ಒಂದು ಸಲ ನೋಡಿ 'ಇವತ್ತು ಬೇಡ' ಅಂದರು. ನಮಗೆ ಏನೂ ಕಾಣಲಿಲ್ಲ. ಮುಖ ಊದಿಸಿಕೊಂಡು ಇಳಿದೆವು. ಹನ್ನೆರಡೂವರೆಗೆ ಆಲಿಕಲ್ಲು, ಮೂರು ಗಂಟೆಗೆ ಹಿಮ.

ಇಂಥ ಹೊತ್ತಿಗೆ 'ಅಷ್ಟು ದೂರದಿಂದ ಬಂದಿದ್ದೀವಿ, ದುಡ್ಡು ಕೊಟ್ಟಿದ್ದೀವಿ' ಅನ್ನುವ ಮಾತು ಬಾಯಿಗೆ ಬರುತ್ತದೆ. ಗೈಡ್ ಮೇಲೆ ಇದು ದೊಡ್ಡ ಒತ್ತಡ. ಒಳ್ಳೆಯ ಅಭಿಪ್ರಾಯ ಬರೆಯಲಿಕ್ಕಿಲ್ಲ, ಮುಂದಿನ ವರ್ಷ ಕರೆಯಲಿಕ್ಕಿಲ್ಲ ಅನ್ನುವ ಭಯಕ್ಕೆ ಅವರು 'ಸರಿ, ಹೋಗೋಣ' ಅಂದುಬಿಡಬಹುದು. ಆದ್ದರಿಂದ ಸಾಂಕ್ರಿಯಲ್ಲಿ ಮೊದಲ ರಾತ್ರಿಯೇ ಎಲ್ಲರ ಎದುರಿಗೆ ಹೇಳಿಬಿಡಿ: ನೀವು ಬೇಡ ಅಂದರೆ ನಾವು ತಿರುಗುತ್ತೇವೆ, ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆಯಾಗಲ್ಲ. ನಿಮ್ಮ ಗುಂಪಿನ ಆ ಒಬ್ಬ ಹಟಮಾರಿಗೂ ಇದು ಕೇಳಿಸಲಿ. ಜೊತೆಗೆ ರಜೆಯಲ್ಲಿ ಒಂದು ದಿನ ಹೆಚ್ಚಿಗೆ ಹಾಕಿಕೊಳ್ಳಿ. ಸೋಮವಾರದ ಮೀಟಿಂಗಿಗೆ ಅಂತ ಮೋಡ ಸರಿಯುವುದಿಲ್ಲ.

ಹೆಜ್ಜೆ 11: ಇಳಿದ ಮೇಲೆ

ಕಸದ ಚೀಲ ಸಾಂಕ್ರಿಯಲ್ಲಿ ಬಿಡಬೇಡಿ. ಅದು ಪುಟ್ಟ ಊರು, ಅಷ್ಟು ಕಸ ಏನು ಮಾಡುತ್ತಾರೆ? ಪ್ಲಾಸ್ಟಿಕ್ ಡೆಹ್ರಾಡೂನ್ ತನಕ ನಿಮ್ಮ ಗಾಡಿಯಲ್ಲೇ ಬರಲಿ.

ಟಿಪ್ಸ್ ಒಟ್ಟಿಗೆ ಗೈಡ್ ಕೈಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅಡುಗೆಯವರಿಗೆ, ಹೊರೆಯವರಿಗೆ, ಕತ್ತೆ ಹೊಡೆಯುವವರಿಗೆ ಬೇರೆ ಬೇರೆ ಕೊಡಿ, ಹೆಸರು ಹಿಡಿದು ಕೊಡಿ. ಬರುವಾಗ ರಾಜ್ಮಾ, ಕೆಂಪಕ್ಕಿ, ಅಕ್ರೋಟು, ಕೈಯಲ್ಲಿ ಹೆಣೆದ ಉಣ್ಣೆ ಕಾಲ್ಚೀಲ ಕೊಳ್ಳಿ, ಅಂಗಡಿಗಿಂತ ಮನೆಗಳಿಂದಲೇ. ಊರಿನ ರಾಜ್ಮಾ ಬೇಯಲು ಹೊತ್ತು ಹಿಡಿಯುತ್ತದೆ, ರಾತ್ರಿಯೇ ನೆನೆಹಾಕಿ.

ಯಾರಾದರೂ ಗೈಡ್ ಬಗ್ಗೆ ಕೇಳಿದರೆ ಅವರ ಒಪ್ಪಿಗೆ ಪಡೆದು ನಂಬರ್ ಕೊಡಿ.

ಇನ್ನೊಂದು ಕೆಲಸ, ಇದನ್ನು ಎಲ್ಲರೂ ಮರೆಯುತ್ತಾರೆ. 'ಫೋಟೊ ಕಳಿಸ್ತೀವಿ' ಅಂತ ಎಲ್ಲ ಮನೆಯಲ್ಲೂ ಹೇಳಿ ಬಂದಿರುತ್ತೇವೆ. ವಾಟ್ಸಾಪಿನಲ್ಲಿ ಅಲ್ಲ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಲಕೋಟೆಯಲ್ಲಿ ಕಳಿಸಿ. ಸಾಂಕ್ರಿಯ ನಿಮ್ಮ ಹೋಮ್‌ಸ್ಟೇ ವಿಳಾಸಕ್ಕೆ ಹಾಕಿದರೆ ಯಾರಾದರೂ ಮೇಲೆ ಹೋಗುವವರ ಕೈಯಲ್ಲಿ ಓಸ್ಲಾ ತಲುಪುತ್ತದೆ. ನಾನು ಕಳಿಸಿದ್ದು ಹನ್ನೆರಡು ಫೋಟೊ. ಎರಡು ತಿಂಗಳಾದ ಮೇಲೆ ಭೈಜಿ ಫೋನ್ ಮಾಡಿ ಹನ್ನೊಂದು ಸಿಕ್ಕಿತು ಅಂದರು. ಮುದ್ದೆ ಕಟ್ಟುತ್ತಿರುವ ಮಂಡ್ಯದವನ ಫೋಟೊವನ್ನು ಸಾಂಕ್ರಿಯ ಹೋಮ್‌ಸ್ಟೇಯವರೇ ಗೋಡೆಗೆ ಅಂಟಿಸಿಕೊಂಡಿದ್ದಾರಂತೆ.